ಬೀಗದ ಸರದಿ

ನಮ್ಮೂರ ಚರ್ಚಿನ ಬಾಗಿಲು ದಾಟಿದ ಕೂಡಲೇ ಬಲಗಡೆ ಒಂದು ಹಲಗೆ ಇದೆ. ಮೂರು ತಿಂಗಳಿಗೊಮ್ಮೆ ಅದಕ್ಕೆ ಹೊಸ ಹಾಳೆ ಚುಚ್ಚುತ್ತಾರೆ. ಎಡಗಡೆ ಭಾನುವಾರಗಳ ತಾರೀಖು, ಮೇಲ್ಗಡೆ ಕೆಲಸಗಳು. ಬೈಬಲ್ ಓದುವವರು, ಪ್ರಾರ್ಥನೆ ನಡೆಸುವವರು, ಬಾಗಿಲಲ್ಲಿ ನಿಂತು ಪುಸ್ತಕ ಕೊಡುವವರು, ಹೂವು, ಕಾಫಿ, ಹುಲ್ಲು, ಬೀಗ. ಒಂದೊಂದು ಚೌಕದಲ್ಲಿ ಒಂದೊಂದು ಹೆಸರು. ಇರುವುದೇ ಎಂಟೊಂಬತ್ತು ಹೆಸರು, ಅವೇ ತಿರುಗಿ ತಿರುಗಿ ಬರುತ್ತವೆ. ಈ ಸಲದ ಹಾಳೆಯಲ್ಲಿ 'ಬೀಗ'ದ ಕೆಳಗೆ ನಾಲ್ಕು ಚೌಕ ಖಾಲಿ. ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಬೀಗ ಹಾಕುತ್ತಿದ್ದ ಅಜ್ಜ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಎರಡು ವಾರದಿಂದ ಆ ಖಾಲಿ ಚೌಕಗಳು ಕಣ್ಣ ಮುಂದೆ ಬರುತ್ತಿವೆ. ಅನ್ನಕ್ಕೆ ಇಟ್ಟು ಒಲೆ ಮುಂದೆ ನಿಂತಾಗ, ಮಗಳ ಜಡೆ ಹಾಕುವಾಗ. ನಾನು ಕ್ರೈಸ್ತಳಲ್ಲ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯವಳು. ಮನೆಯ ದೇವರ ಗೂಡಿನಲ್ಲಿ ದೀಪ ಹಚ್ಚಿಯೇ ದಿನ ಶುರು ಮಾಡುತ್ತೇನೆ. ಈಗ ಇರುವುದು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ಒಂದು ಹಳ್ಳಿಯಲ್ಲಿ. 2021ರಲ್ಲಿ ಇಲ್ಲಿಗೆ ಬಂದೆವು. ಹಾಗಿರುವಾಗ ಚರ್ಚಿನ ಬೀಗದ ಸರದಿಗೆ ಹೆಸರಿಲ್ಲ ಅಂದರೆ ನನಗ್ಯಾಕೆ ಇಷ್ಟು ಚುಚ್ಚಬೇಕು? ಯೋಚನೆ ಮಾಡುತ್ತಾ ಹೋದರೆ ತುಂಬಾ ಹಿಂದಕ್ಕೆ ಹೋಗಬೇಕಾಯಿತು.

ಗಡಿಯೊಳಗೆ ಇರುವವರೆಲ್ಲ

ಬಂದ ಮೊದಲ ವಾರವೇ ವಿಕರ್, ಅಂದರೆ ಚರ್ಚಿನ ಪಾದ್ರಿ, ಮನೆ ಬಾಗಿಲಿಗೆ ಬಂದಿದ್ದರು. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಬಿಳಿ ಪಟ್ಟಿ, ಕಾಲಲ್ಲಿ ಕೆಸರು ಮೆತ್ತಿದ ಗಮ್‌ಬೂಟು. ಮತ ಬದಲಾಯಿಸಲು ಬಂದಿದ್ದಾರೇನೋ ಅಂತ ನನಗೆ ಒಳಗೊಳಗೇ ಅಳುಕು. ಅವರು ಕೇಳಿದ್ದು ಬೇರೆ. ಬಾಯ್ಲರ್ ಸರಿ ಇದೆಯಾ, ಮಗುವಿಗೆ ಶಾಲೆ ಸಿಕ್ಕಿತಾ, ಬಸ್ ವಾರಕ್ಕೆ ಎಷ್ಟು ಸಲ ಬರುತ್ತದೆ ಅಂತ ಗೊತ್ತಾ. ಹೊರಡುವಾಗ, "ನೀವು ಈಗ ನನ್ನ ಪ್ಯಾರಿಷ್‌ನವರು, ಏನಿದ್ದರೂ ಹೇಳಿ" ಅಂದರು. ನಾವು ಹಿಂದೂಗಳು ಅಂದೆ. "ಅದು ಗೊತ್ತು, ಆದರೂ ನೀವು ನನ್ನ ಪ್ಯಾರಿಷ್‌ನವರೇ" ಅಂದರು.

ಒಳ್ಳೆಯ ಮಾತಿಗೆ ಹಾಗೆ ಅಂದರು ಅಂದುಕೊಂಡಿದ್ದೆ. ಅದರ ಅರ್ಥ ಎಷ್ಟು ಗಟ್ಟಿ ಅಂತ ತಿಳಿದದ್ದು ಆಮೇಲೆ. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಪ್ಯಾರಿಷ್ ಅಂದರೆ ಸದಸ್ಯರ ಪಟ್ಟಿಯಲ್ಲ, ನೆಲ. ಇಡೀ ದೇಶವನ್ನು ಸುಮಾರು 12,500 ಪ್ಯಾರಿಷ್‌ಗಳಾಗಿ ಗೆರೆ ಎಳೆದು ಹಂಚಿದ್ದಾರೆ. ಹೆಚ್ಚೂಕಡಿಮೆ ಯಾವ ಮನೆಯೂ ಗೆರೆಯ ಹೊರಗೆ ಉಳಿಯುವುದಿಲ್ಲ. ಆ ಗೆರೆಯೊಳಗೆ ವಾಸ ಇರುವವರು ಚರ್ಚಿಗೆ ಬರಲಿ ಬಿಡಲಿ, ವಿಕರ್ ಅವರ ಯೋಗಕ್ಷೇಮಕ್ಕೆ ಹೊಣೆ. ಹೊಸ ವಿಕರ್ ಅಧಿಕಾರ ವಹಿಸಿಕೊಳ್ಳುವ ದಿನ ಬಿಷಪ್ಪರು ಆ ಜನರ ಆತ್ಮಗಳ ಆರೈಕೆಯನ್ನು, ನಿನ್ನದೂ ಹೌದು ನನ್ನದೂ ಹೌದು ಅಂತ ಹೇಳಿ ಒಪ್ಪಿಸುತ್ತಾರೆ. ಚರ್ಚಿನ ಹಿತ್ತಲ ಸ್ಮಶಾನದಲ್ಲಿ ಜಾಗ ಇದ್ದರೆ ಪ್ಯಾರಿಷ್‌ನಲ್ಲಿ ವಾಸ ಇದ್ದವರಿಗೆಲ್ಲ ಅಲ್ಲಿ ಮಣ್ಣಾಗುವ ಹಕ್ಕಿದೆ. ಯಾವ ದೇವರಿಗೆ ಕೈಮುಗಿದವರು ಅಂತ ಕೇಳುವ ಹಾಗಿಲ್ಲ.

ಇದು ನನಗೆ ಹೊಸದು ಅನ್ನಿಸಲಿಲ್ಲ. ನಮ್ಮ ಕಡೆ ಗ್ರಾಮದೇವತೆಗೂ ಹೀಗೇ ಒಂದು ಸೀಮೆ ಇರುತ್ತದೆ ಅಲ್ವಾ? ಇಂಥ ಹಳ್ಳದಿಂದ ಇಂಥ ಗುಡ್ಡದವರೆಗೆ ಅಮ್ಮನ ಕಾವಲು ಅಂತ. ಆ ಸೀಮೆಯಲ್ಲಿ ಹೊಸದಾಗಿ ತೋಟ ಮಾಡಿದವರು ಯಾರೇ ಆದರೂ ಅಮ್ಮನ ಒಕ್ಕಲೇ. ಇಲ್ಲಿ ಮೇ ತಿಂಗಳ ಹೊತ್ತಿಗೆ, ಈಸ್ಟರ್ ಆಗಿ ಐದು ವಾರಕ್ಕೆ, ರೊಗೇಷನ್ ಭಾನುವಾರ ಬರುತ್ತದೆ. ಅವತ್ತು ಕೆಲವು ಹಳ್ಳಿಗಳಲ್ಲಿ ಜನ ಪ್ಯಾರಿಷ್‌ನ ಗಡಿ ನಡೆದು, ಗಡಿಕಲ್ಲುಗಳಿಗೆ ಕೋಲಿನಿಂದ ಬಡಿದು, ಬೆಳೆಗಾಗಿ ಪ್ರಾರ್ಥಿಸುತ್ತಾರೆ. ನಮ್ಮೂರಲ್ಲೂ ಹೋಗುತ್ತೇವೆ. ಬಾರ್ಲಿ ಹೊಲದ ಬದುವಿನ ಮೇಲೆ ಸಾಲಾಗಿ ನಡೆಯುವಾಗ ನನ್ನ ಕಾಲಿಗೆ ಅದು ಪರಿಚಯದ ದಾರಿ ಅನ್ನಿಸಿತ್ತು.

ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದ ಗೆಳತಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯವಳು. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯವರು, ಮೆಥಡಿಸ್ಟರು ಮೊದಲಾದವರ ಜೊತೆ ಸೇರಿ ಕಟ್ಟಿದ ಸಭೆ ಅದು. ಇಲ್ಲಿನ ಆರಾಧನೆಯ ಬಗ್ಗೆ ಏನೇ ಅನುಮಾನ ಬಂದರೂ ಅವಳಿಗೇ ಫೋನ್ ಮಾಡುತ್ತೇನೆ. ವಿಕರ್ ಅನ್ನಬೇಡ, ಸಭಾಪಾಲಕರು ಅನ್ನು ಅಂತ ತಿದ್ದಿದವಳು ಅವಳೇ. ಇಲ್ಲಿನವರು ಪಾಪದ ಅರಿಕೆಯನ್ನು ಇಂಗ್ಲಿಷಿನಲ್ಲಿ ಶುರು ಮಾಡಿದರೆ, ಅವಳು ಅದನ್ನೇ ಕನ್ನಡದಲ್ಲಿ ಕೊನೆಯವರೆಗೂ ಬಾಯಿಪಾಠ ಹೇಳುತ್ತಾಳೆ.

ವಾರದ ನಡೆ

ಭಾನುವಾರ ಮಾತ್ರ ಚರ್ಚು ಅಂತ ನಾನು ತಿಳಿದಿದ್ದೆ. ಹಾಗಿಲ್ಲ. ಮಂಗಳವಾರ ಬೆಳಿಗ್ಗೆ ಹಿಂದಿನ ಬೆಂಚುಗಳನ್ನು ಸರಿಸಿ ಚಾಪೆ ಹಾಸುತ್ತಾರೆ, ಪುಟ್ಟ ಮಕ್ಕಳ ಆಟಕ್ಕೆ. ಬುಧವಾರ ರಾತ್ರಿ ಗಂಟೆ ಅಭ್ಯಾಸ. ಗುರುವಾರ ಹತ್ತರಿಂದ ಹನ್ನೆರಡು ಕಾಫಿ, ಚಳಿಗಾಲದಲ್ಲಿ ಅದರ ಜೊತೆ ಬಿಸಿ ಸೂಪು. ಊರಲ್ಲಿ ಅಂಗಡಿ ಇಲ್ಲ, ಪಬ್ ಮುಚ್ಚಿದೆ. ಒಂಟಿಯಾಗಿರುವ ಮುದುಕರಿಗೆ ವಾರದಲ್ಲಿ ಇನ್ನೊಬ್ಬರ ಮುಖ ಕಾಣುವುದು ಅವತ್ತೇ. ಶನಿವಾರ ಹೂವಿನವರು ಬರುತ್ತಾರೆ. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದಲ್ಲಿ ಮಾತ್ರ ಹೂವಿಲ್ಲ. ಬರೀ ಕಲ್ಲು, ಬರೀ ಮರ. ಆ ನಲವತ್ತು ದಿನ ಒಳಗೆ ಹೋದರೆ ಏನೋ ಕಳೆದುಹೋದ ಹಾಗೆ ಇರುತ್ತದೆ. ಈಸ್ಟರ್ ದಿನ ಒಮ್ಮೆಲೇ ಬಿಳಿ ಲಿಲ್ಲಿ ತುಂಬಿದಾಗ ಆ ವಾಸನೆಗೆ ಕಣ್ಣು ತುಂಬಿ ಬರುತ್ತದೆ.

ಸಭಾಪಾಲಕರಿಗೆ ಆರು ಹಳ್ಳಿಗಳ ಆರು ಚರ್ಚುಗಳಿವೆ. ಅದಕ್ಕೇ ನಮ್ಮಲ್ಲಿ ತಿಂಗಳಿಗೆ ಎರಡೇ ಭಾನುವಾರ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಒಂದು ಭಾನುವಾರ ಊರವರೇ ನಡೆಸುವ ಪ್ರಾರ್ಥನೆ. ನಾಲ್ಕನೆಯದು ಸಂಜೆಯ ಆರಾಧನೆ. ಅದರ ಮಾತುಗಳು 1662ರ ಪ್ರಾರ್ಥನಾ ಪುಸ್ತಕದವು, ಹಳೆಯ ಇಂಗ್ಲಿಷು. ನನಗೆ ಜಾಸ್ತಿ ಇಷ್ಟ ಇದೇ. ಹತ್ತು ಹನ್ನೆರಡು ಜನ, ಕಿಟಕಿಯಲ್ಲಿ ಕಂತುತ್ತಿರುವ ಬೆಳಕು, ಒಂದು ಕೀರ್ತನೆ, ಮರಿಯಳ ಹಾಡು, ಮುದುಕ ಸಿಮೆಯೋನನ ಹಾಡು. ಪ್ರಭುಭೋಜನದ ದಿನವಾದರೆ ನಾನು ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಸಾಲಿನ ಕೊನೆಗೆ ಹೋಗುತ್ತೇನೆ. ಹಾಗೆ ಕೈ ಇಟ್ಟವರಿಗೆ ರೊಟ್ಟಿ ಕೊಡದೆ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾರೆ.

ಈ ಆರು ಚರ್ಚುಗಳ ಕಥೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಇಲ್ಲಿ 1994ರಿಂದ ಹೆಂಗಸರೂ ಯಾಜಕರಾಗುತ್ತಾರೆ ಅಂತಲೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದರು: "ಆರು ದೇವಸ್ಥಾನಕ್ಕೆ ಒಬ್ಬರೇನಾ ಮಾರಾಯ್ತಿ? ಪಾಪ, ಅವರಿಗೆ ಊಟಕ್ಕೆ ಹೊತ್ತು ಸಿಗ್ತದಾ?" ಮುಂದಿನ ಗುರುವಾರ ನಾನು ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋದೆ. ಅವತ್ತಿನಿಂದ ಅದು ವಾಡಿಕೆಯಾಯಿತು.

ಬುಧವಾರದ ಗೋಪುರ

2023ರ ಮೇ 6ರಂದು ಮೂರನೇ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ಇತ್ತಲ್ಲ, ಅದಕ್ಕೆ ದೇಶದ ಚರ್ಚುಗಳಲ್ಲೆಲ್ಲ ಗಂಟೆ ಬಾರಿಸಲು ಹೊಸ ಜನರನ್ನು ಕರೆದಿದ್ದರು. ನಮ್ಮ ಗೋಪುರದಲ್ಲಿ ಆರು ಗಂಟೆಗಳು, ಬಾರಿಸುವವರು ನಾಲ್ಕೇ ಜನ. ಆ ವರ್ಷ ಜನವರಿಯ ಒಂದು ರಾತ್ರಿ ನಾನು ಹೋದೆ. ಅಮ್ಮನಿಗೆ ಹೇಳಿದಾಗ, "ಭಾರ ಎಳೀಬೇಡ, ಸೊಂಟ ಹಿಡ್ಕೊಂಡೀತು" ಅಂದಿದ್ದಳು.

ಭುಜ ಎರಡೂ ಕಡೆ ಗೋಡೆಗೆ ತಾಗುವಂಥ ಸುತ್ತು ಮೆಟ್ಟಿಲು. ಹತ್ತಿದರೆ ಒಂದು ಚೌಕ ಕೋಣೆ. ಸೂರಿನ ಆರು ತೂತುಗಳಿಂದ ಆರು ಹಗ್ಗ ಇಳಿದಿವೆ. ಎದೆಯ ಎತ್ತರದಲ್ಲಿ ಪ್ರತಿ ಹಗ್ಗಕ್ಕೂ ಕೆಂಪು, ಬಿಳಿ, ನೀಲಿ ಉಣ್ಣೆ ಸುತ್ತಿದ ದಪ್ಪ ಹಿಡಿ. ಅದಕ್ಕೆ ಸ್ಯಾಲಿ ಅನ್ನುತ್ತಾರೆ. ಇಲ್ಲಿನ ಗಂಟೆ ನಮ್ಮ ದೇವಸ್ಥಾನದ ಗಂಟೆಯ ಹಾಗೆ ತೂಗುವುದಿಲ್ಲ. ದೊಡ್ಡ ಚಕ್ರಕ್ಕೆ ಕಟ್ಟಿರುತ್ತಾರೆ. ಬಾಯಿ ಮೇಲೆ ಮಾಡಿ ನಿಲ್ಲಿಸಿ, ಒಂದು ಎಳೆತಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೆ ಬಾಯಿ ಮೇಲಕ್ಕೆ ತರಬೇಕು. ಸ್ಯಾಲಿ ಸರ್ರನೆ ಸೂರಿನವರೆಗೆ ಹೋಗುತ್ತದೆ. ಬಿಡಬೇಕಾದ ಹೊತ್ತಿಗೆ ಬಿಡದಿದ್ದರೆ ನಾವೂ ಅದರ ಜೊತೆ ಮೇಲೆ. ಕಲಿಸುವ ಟೀಚರಮ್ಮ ನನ್ನ ಎದುರು ನಿಂತು ಅದೇ ಹಗ್ಗಕ್ಕೆ ತಮ್ಮ ಕೈಯನ್ನೂ ಹಾಕಿ, "ಎಳೀಬೇಡ, ಅದು ತಾನೇ ಬರುತ್ತದೆ, ಕಾಯಿ" ಅನ್ನುತ್ತಿದ್ದರು. ಆರು ವಾರ ನಾನು ಕಲಿತದ್ದು ಅದನ್ನೇ, ಕಾಯುವುದನ್ನು.

ಹಾಡಿನ ರಾಗ ಬಾರಿಸುವುದಿಲ್ಲ ಇವರು. ಚಿಕ್ಕ ಗಂಟೆಯಿಂದ ದೊಡ್ಡದರವರೆಗೆ 1-2-3-4-5-6 ಅಂತ ಇಳಿಯುವುದು ಮೊದಲ ಪಾಠ. ಆಮೇಲೆ ಕ್ರಮ ಬದಲಿಸುವುದು: 2-1-4-3-6-5, 2-4-1-6-3-5, ಹೀಗೆ. ನೂರಾರು ಕಿಲೋ ಕಂಚನ್ನು ಒಮ್ಮೆಲೇ ಬೇಗ ತಿರುಗಿಸಲೂ ಆಗುವುದಿಲ್ಲ, ತಡೆದು ನಿಲ್ಲಿಸಲೂ ಆಗುವುದಿಲ್ಲ. ಅದಕ್ಕೇ ಒಂದು ಸಲಕ್ಕೆ ಒಂದು ಗಂಟೆ ಪಕ್ಕದ ಗಂಟೆಯ ಜೊತೆ ಮಾತ್ರ ಜಾಗ ಬದಲಿಸಬಹುದು. ಆರು ಗಂಟೆಗಳಿಗೆ ಇಂಥ 720 ಕ್ರಮಗಳಿವೆ. ಒಂದೂ ಎರಡನೇ ಸಲ ಬರದ ಹಾಗೆ ಅಷ್ಟನ್ನೂ ಬಾರಿಸಿ ಮುಗಿಸಲು ಅರ್ಧ ಗಂಟೆ ಹತ್ತಿರ ಬೇಕು. ಅದನ್ನು ಏಳು ಸಲ ಮಾಡಿದರೆ 5040. ಸುಮಾರು ಮೂರು ಗಂಟೆ ಹೊತ್ತು, ಹಗ್ಗ ಬಿಡುವ ಹಾಗಿಲ್ಲ, ಚೀಟಿ ನೋಡುವ ಹಾಗಿಲ್ಲ. ಹಾಗೆ ಬಾರಿಸಿದವರ ಹೆಸರನ್ನು ಹಲಗೆಗಳ ಮೇಲೆ ಬರೆದು ಆ ಕೋಣೆಯ ಗೋಡೆಗೆ ಹಾಕಿದ್ದಾರೆ.

5040 ಅಂದಾಗ ನಾನು ಬೆಚ್ಚಿದೆ. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರು ಅದೇ ಸಂಖ್ಯೆ ಹೇಳಿದ್ದರು. ಏಳು ಸ್ವರಗಳನ್ನು ಬೇರೆ ಬೇರೆ ಕ್ರಮದಲ್ಲಿ ಇಟ್ಟರೆ 5040 ತಾನಗಳು. ದೇವಗಿರಿಯಲ್ಲಿದ್ದ ಸಂಗೀತ ಶಾಸ್ತ್ರಕಾರ ಶಾರ್ಙ್ಗದೇವ 13ನೇ ಶತಮಾನದಲ್ಲೇ ಅದನ್ನು ಲೆಕ್ಕ ಹಾಕಿ, ಪ್ರಸ್ತಾರ ಮಾಡುವ, ಅಂದರೆ ಅಷ್ಟನ್ನೂ ಒಂದೊಂದಾಗಿ ಬಿಡಿಸಿ ಬರೆಯುವ ವಿಧಾನ ಬರೆದಿಟ್ಟಿದ್ದ. ಇವರ ಗಂಟೆಯ ಆಟ ಬೆಳೆದದ್ದು 17ನೇ ಶತಮಾನದಲ್ಲಿ. ಕಾಫಿ ಹೊತ್ತಿನಲ್ಲಿ ಇದನ್ನು ಹೇಳಿದೆ. ಟೀಚರಮ್ಮ ಕಪ್ಪು ಕೆಳಗಿಟ್ಟು, ಸರಿಗಮಪದನಿ ಅಂತ ನನ್ನ ಕೈಲಿ ಬರೆಸಿಕೊಂಡು, ಆ ಚೀಟಿಯನ್ನು ಗೋಡೆಯ ಹಲಗೆಗಳ ಪಕ್ಕ ಅಂಟಿಸಿದರು. ಇವತ್ತಿಗೂ ಅಲ್ಲಿದೆ.

ಪಟ್ಟಾಭಿಷೇಕದ ದಿನ ನನಗೆ ಮೂರನೇ ಗಂಟೆ. ಮೊದಲ ಗಂಟೆಯವರು "ಲುಕ್ ಟು" ಅಂದರು. ಎಲ್ಲರ ಕೈ ಸ್ಯಾಲಿಗೆ ಹೋಯಿತು. "ಟ್ರೆಬಲ್ಸ್ ಗೋಯಿಂಗ್... ಶೀ ಈಸ್ ಗಾನ್." ಟ್ರೆಬಲ್ ಅಂದರೆ ಮೊದಲ ಗಂಟೆ. ಗಂಟೆ ಇವರಿಗೆ ಯಾವಾಗಲೂ ಹೆಣ್ಣು. ಹತ್ತು ನಿಮಿಷ ಬಾರಿಸಿದೆವು. ಇಳಿದು ಬಂದಾಗ ನನ್ನ ಅಂಗೈ ಉರಿಯುತ್ತಿತ್ತು, ಬೆರಳು ನಡುಗುತ್ತಿದ್ದವು. ಪಕ್ಕದ ಮನೆ ಅಜ್ಜಿ ತೋಟದ ಗೇಟಿನ ಹತ್ತಿರವೇ ನಿಂತಿದ್ದರು. ಆರೂ ಗಂಟೆ ಒಟ್ಟಿಗೆ ಕೇಳಿ ಎಷ್ಟೋ ವರ್ಷ ಆಗಿತ್ತು ಅಂದರು.

ಅಪ್ಪನ ಹೆಸರು

2024ರ ಜನವರಿಯಲ್ಲಿ ಅಪ್ಪನಿಗೆ ಹುಷಾರು ತಪ್ಪಿತು. ನಾನು ಹೋಗಿ ಮೂರು ವಾರ ಇದ್ದು ಬಂದೆ. ಬರಲೇಬೇಕಿತ್ತು, ಮಗಳ ಶಾಲೆ, ಕೆಲಸ. ಬಂದ ಮೇಲೆ ಗುರುವಾರದ ಕಾಫಿಗೆ ಹೋದಾಗ ಮುಖ ನೋಡಿ ಕೇಳಿದರು, ಹೇಳಿದೆ. "ಅವರ ಹೆಸರನ್ನು ಪ್ರಾರ್ಥನೆಯ ಪಟ್ಟಿಗೆ ಸೇರಿಸಬಹುದಾ?" ಅಂತ ಒಬ್ಬರು ಕೇಳಿದರು. ಕಾಯಿಲೆಯಲ್ಲಿ ಇರುವವರ ಹೆಸರನ್ನು ಪ್ರತಿ ಭಾನುವಾರ ಗಟ್ಟಿಯಾಗಿ ಓದುತ್ತಾರೆ. ಆಗಲಿ ಅಂದೆ.

ಶನಿವಾರ ಸಂಜೆ ಮಳೆ. ಬಾಗಿಲು ಬಡಿದ ಸದ್ದು. ನೋಡಿದರೆ ಮಾರನೇ ದಿನ ಪ್ರಾರ್ಥನೆ ನಡೆಸಬೇಕಾದವರು, ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಒಂದು ಚೀಟಿ. ಅಪ್ಪನ ಹೆಸರನ್ನು ಸರಿಯಾಗಿ ಹೇಳುವುದು ಹೇಗೆ ಅಂತ ಕೇಳಲು ಬಂದಿದ್ದರು. ಹೆಸರಿನ ನಡುವೆ ಒಂದು ಳ ಇದೆ, ಕೊನೆಗೆ ಯ್ಯ. ಆ ಳ ಅವರ ನಾಲಿಗೆಗೆ ಬರುತ್ತಲೇ ಇರಲಿಲ್ಲ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂತ ತೋರಿಸಿದೆ. ಹೊಸ್ತಿಲಲ್ಲಿ ನಿಂತುಕೊಂಡೇ, ಕೋಟಿನಿಂದ ನೀರು ಸೋರುತ್ತಿದ್ದಂತೆ, ಏಳೆಂಟು ಸಲ ಹೇಳಿದರು. ಕೊನೆಗೆ ಬಂತು. ಚೀಟಿಯಲ್ಲಿ ತಮಗೆ ತಿಳಿಯುವ ಹಾಗೆ ಏನೋ ಗುರುತು ಹಾಕಿಕೊಂಡು ಹೋದರು. ಮುಂದಿನ ವಾರ ಬೇರೆಯವರ ಸರದಿ. ಅವರಿಗೆ ಈಕೆ ಹೇಳಿಕೊಟ್ಟಿದ್ದರು. ಆಮೇಲಿನವರಿಗೆ ಅವರು. ಏಪ್ರಿಲ್ ಹೊತ್ತಿಗೆ ನಾರ್ಫೋಕಿನ ಈ ಹಳ್ಳಿಯಲ್ಲಿ ಎಂಟೊಂಬತ್ತು ಜನರಿಗೆ ನನ್ನ ಅಪ್ಪನ ಹೆಸರಿನ ಳ ಬರುತ್ತಿತ್ತು.

ಜುಲೈಯಲ್ಲಿ ಅಪ್ಪ ಹೋದರು. ವಿಮಾನ ಹತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಚಿತೆಯನ್ನು ನಾನು ನೋಡಿದ್ದು ತಮ್ಮ ಹಿಡಿದಿದ್ದ ಫೋನಿನಲ್ಲಿ. ಹದಿಮೂರು ದಿನ ಮುಗಿಸಿ ಮರಳಿದೆ. ಮೊದಲ ವರ್ಷ ಆದ್ದರಿಂದ ಆ ಸಲ ನಮ್ಮ ಮನೆಯಲ್ಲಿ ಮಹಾಲಯ ಇರಲಿಲ್ಲ. ಆದರೆ ನವೆಂಬರ್ 2 ಇಲ್ಲಿ ಸತ್ತವರೆಲ್ಲರ ನೆನಪಿನ ದಿನ. ಮಾರನೇ ದಿನ ಭಾನುವಾರ ಸಂಜೆ ಆರಾಧನೆ ಇಟ್ಟಿದ್ದರು. ವರ್ಷದಲ್ಲಿ ತೀರಿಕೊಂಡವರ ಹೆಸರು ಒಂದೊಂದಾಗಿ ಓದುತ್ತಾರೆ, ಮನೆಯವರು ಎದ್ದು ಹೋಗಿ ಮೋಂಬತ್ತಿ ಹಚ್ಚಿ ಬರುತ್ತಾರೆ. ಒಬ್ಬ ರೈತ, ಒಬ್ಬ ನರ್ಸು, ಹುಟ್ಟಿ ಎರಡೇ ದಿನ ಬದುಕಿದ್ದ ಒಂದು ಕೂಸು. ಅವರ ನಡುವೆ ಅಪ್ಪನ ಹೆಸರು, ಳ ಸಮೇತ. ನನಗೆ ಏಳಲು ಆಗಲಿಲ್ಲ. ಮಳೆಯಲ್ಲಿ ಬಂದಿದ್ದ ಆ ಹೆಂಗಸೇ ಪಕ್ಕದಲ್ಲಿದ್ದರು. ನನ್ನ ಮೊಣಕೈ ಹಿಡಿದು ಎಬ್ಬಿಸಿ, ಜೊತೆಗೆ ನಡೆದರು.

ಎರಡು ಊರಿನ ಪಟ್ಟಿ

ಇಂಗ್ಲೆಂಡಿನ ಚರ್ಚು ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ ಅಂತ ನಾನು ಬಹಳ ದಿನ ತಿಳಿದಿದ್ದೆ. ದೊರೆಯೇ ಅದರ ಮುಖ್ಯಸ್ಥ ಅಲ್ವಾ? ಆದರೆ ನಮ್ಮ ಮುಜರಾಯಿಯ ತಸ್ತೀಕಿನಂಥದ್ದು ಇಲ್ಲಿ ಇಲ್ಲ. ಸೂರು ಸೋರಿದರೆ ಊರವರೇ ದುಡ್ಡು ಕೂಡಿಸಬೇಕು. ವಿಕರ್ ಸಂಬಳಕ್ಕೆ ಅಂತ ಬಿಷಪ್ಪರ ಆಡಳಿತ ವಲಯವಾದ ಡಯಾಸಿಸ್‌ಗೆ ಪ್ರತಿ ವರ್ಷ ಪಾಲು ಕಟ್ಟಬೇಕು. ಚಕಮಕಿ ಕಲ್ಲಿನ ಹಳೇ ಗೋಡೆ, ಸೀಸದ ತಗಡಿನ ಸೂರು, ಮುಟ್ಟಿದರೆ ಸಾವಿರಾರು ಪೌಂಡು. ಈ ಒಂದು ಕೌಂಟಿಯಲ್ಲೇ ಮಧ್ಯಯುಗದ ಚರ್ಚುಗಳು ಆರುನೂರಕ್ಕೂ ಜಾಸ್ತಿ ಇವೆ. ಪ್ರತಿ ಚರ್ಚಿನಲ್ಲೂ ಪ್ರತಿ ಭಾನುವಾರ ಆರಾಧನೆ ಆಗಲೇಬೇಕು ಅಂತ 1603ರಿಂದ ಇದ್ದ ನಿಯಮವನ್ನು 2019ರಲ್ಲಿ ಸಡಿಲ ಮಾಡಿದರು. ಅಷ್ಟು ಹೊತ್ತಿಗೆ ಎಷ್ಟೋ ಹಳ್ಳಿಗಳಲ್ಲಿ ಅದು ಆಗುತ್ತಲೇ ಇರಲಿಲ್ಲ.

ಹೋದ ವರ್ಷದ ವಾರ್ಷಿಕ ಸಭೆಗೆ ನಾನೂ ಹೋಗಿದ್ದೆ. ಚರ್ಚಿನ ಉಸ್ತುವಾರಿ ನೋಡುವ ಚರ್ಚ್ ವಾರ್ಡನ್‌ಗಳನ್ನು ಆರಿಸುವುದು ಅಲ್ಲೇ, ಮೇ ಮುಗಿಯುವುದರೊಳಗೆ. ಸುಮ್ನೆ ಹಿಂದೆ ಕೂತು ನೋಡೋಣ ಅಂದುಕೊಂಡಿದ್ದೆ. ಆದರೆ ಕಾನೂನು ಪ್ರಕಾರ ಆ ಆಯ್ಕೆಯಲ್ಲಿ ಪ್ಯಾರಿಷ್‌ನಲ್ಲಿ ವಾಸ ಇದ್ದು ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರಿಗೂ ಓಟು. ಕಾಮನ್‌ವೆಲ್ತ್ ದೇಶದವಳಾದ್ದರಿಂದ ಆ ಪಟ್ಟಿಯಲ್ಲಿ ನನ್ನ ಹೆಸರಿದೆ. ವಾರ್ಡನ್ ಆಗಬೇಕಾದರೆ ದೀಕ್ಷಾಸ್ನಾನ ಆಗಿರಬೇಕು, ಅದು ಬೇರೆ ಮಾತು. ಕೈ ಎತ್ತಿದೆ. ಇಬ್ಬರು ವಾರ್ಡನ್‌ಗಳು ಬೇಕಿತ್ತು, ನಿಂತವರು ಒಬ್ಬರೇ, ಅದೇ ಮಂಡಿ ನೋವಿನ ಅಜ್ಜ. ಇನ್ನೊಂದು ಸ್ಥಾನ ಖಾಲಿ ಅಂತ ಬರೆದುಕೊಂಡರು.

ನನಗೆ ಚುಚ್ಚುತ್ತಿರುವುದು ಈ ಊರಿನ ಪಟ್ಟಿ ಮಾತ್ರ ಅಲ್ಲ ಅಂತ ಗೊತ್ತಾದದ್ದು ಯೋಚನೆ ಇಲ್ಲಿಗೆ ಬಂದು ಮುಟ್ಟಿದಾಗ. ನಮ್ಮ ಹಳ್ಳಿಯಲ್ಲಿ ಕಾರ್ತಿಕ ಮಾಸದ ದೀಪೋತ್ಸವಕ್ಕೆ ಮನೆಗೊಂದು ದಿನ. ಅಜ್ಜನ ಕಾಲದಿಂದ ನಮ್ಮ ಮನೆಯದು ನಿಗದಿಯಾದ ದಿನ. ಮಧ್ಯಾಹ್ನದಿಂದಲೇ ಹಣತೆ ತೊಳೆದು ಒಣಗಿಸಬೇಕು, ಬತ್ತಿ ಹೊಸೆಯಬೇಕು. ಸಂಜೆ ಅಪ್ಪ ಜಾಗಟೆ ಬಡಿಯುತ್ತಿದ್ದರು, ನಾವು ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ದೀಪ ಇಡುತ್ತಿದ್ದೆವು. ಹೋದ ಕಾರ್ತಿಕದಲ್ಲಿ ಅಮ್ಮ ಫೋನ್ ಮಾಡಿದಳು. "ನಾಡಿದ್ದು ನಮ್ಮನೆ ದಿನ. ಎಣ್ಣೆ ದುಡ್ಡು ಕಳ್ಸಿದ್ರೆ ಭಟ್ಟರೇ ಹಚ್ತಾರಂತೆ." ಕಳಿಸಿದೆ. ತಮ್ಮ ಬೆಂಗಳೂರಿನಲ್ಲಿ, ನಾನು ಇಲ್ಲಿ. ಅಮ್ಮನಿಗೆ ಆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆಮೇಲೆ ಫೋಟೋ ಬಂತು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ನಿನ್ನೆ ಹಲಗೆಯ ಹತ್ತಿರ ದಾರದಲ್ಲಿ ಕಟ್ಟಿಟ್ಟ ಪೆನ್ನಿನಿಂದ ನಾಲ್ಕು ಚೌಕದಲ್ಲೂ ನನ್ನ ಹೆಸರು ಬರೆದೆ. ಆಮೇಲೆ ಆ ಮಂಡಿ ನೋವಿನ ಅಜ್ಜನ ಮನೆಗೆ ಹೋದೆ. ಅವರು ಕಾಲು ಸ್ಟೂಲಿನ ಮೇಲೆ ಚಾಚಿಕೊಂಡೇ ಬೀಗದ ಕೈ ಕೊಟ್ಟರು. ಕಬ್ಬಿಣದ್ದು, ನನ್ನ ಅಂಗೈಗಿಂತ ಉದ್ದ, ಹಿಡಿಯುವ ಕಡೆ ಸವೆದು ನುಣ್ಣಗಾಗಿದೆ. ಎಡಕ್ಕೆ ತಿರುಗಿಸುವ ಮುಂಚೆ ಬಾಗಿಲನ್ನು ಭುಜದಿಂದ ಸ್ವಲ್ಪ ಮೇಲಕ್ಕೆ ಎತ್ತಬೇಕು ಅಂತ ಹೇಳಿಕೊಟ್ಟರು. ಇನ್ನೊಂದು ಮಾತು, ಬೀಗ ಹಾಕುವ ಮುಂಚೆ ಒಳಗೆ ನಿಂತು ಒಂದು ಸಲ ಗಟ್ಟಿಯಾಗಿ ಕೂಗಬೇಕು. ಕಂಬದ ಹಿಂದೆ ಯಾರಾದರೂ ಸುಮ್ನೆ ಕೂತಿರುತ್ತಾರೆ, ಅಳುತ್ತಿರುವವರೂ ಇರುತ್ತಾರೆ, ಅವರನ್ನು ಒಳಗೆ ಬಿಟ್ಟು ಬೀಗ ಹಾಕಬಾರದು.

ಆರೂವರೆಗೆ ಹೋದೆ. ಕಿಟಕಿಗಳಲ್ಲಿ ಇನ್ನೂ ಬೆಳಕಿತ್ತು. ನಡುವಿನ ದಾರಿಯಲ್ಲಿ ನಿಂತು, "ಒಳಗೆ ಯಾರಾದ್ರೂ ಇದ್ದೀರಾ?" ಅಂತ ಕೇಳಿದೆ. ಬಾಯಿಗೆ ಬಂದದ್ದು ಕನ್ನಡವೇ. ಇಂಗ್ಲಿಷಿನಲ್ಲಿ ಇನ್ನೊಂದು ಸಲ ಕೇಳಿದೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಹೊರಗೆ ಬಂದು, ಭುಜ ಕೊಟ್ಟು ಬಾಗಿಲನ್ನು ಎತ್ತಿ, ಬೀಗದ ಕೈ ತಿರುಗಿಸಿದೆ.